ಶಾಯಿ ಒಣಗಬೇಕಿದ್ದ ತಿಂಗಳು

ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗಕ್ಕೆ ಮರಳಿದ ಮೇಲೆ ಬಹಳ ದಿನ ನನಗೆ ಕೆಲಸ ಸಿಗಲಿಲ್ಲ. ಮನೆಯಲ್ಲಿ ಕೂತು ನಾನು ಮಾಡಿದ ಒಂದೇ ಉಪಯೋಗದ ಕೆಲಸವೆಂದರೆ ಅಪ್ಪನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಶಾಯಿ ಹಾಳಾಗದಂತೆ ನೋಡಿಕೊಂಡದ್ದು.

ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಒಂದು ಹಳೆಯ ಯಂತ್ರ ಕೊಂಡು ಬೀದಿ ಕಡೆಯ ಸಣ್ಣ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಕೆಲವು ಶಾಲೆಗಳ ಪ್ರಶ್ನೆಪತ್ರಿಕೆಗಳು ಅಲ್ಲಿ ತಯಾರಾಗುತ್ತಿದ್ದವು. ಮೇಣ ಬಳಿದ ಹಾಳೆಯ ಮೇಲೆ ಬೆರಳಚ್ಚು ಮಾಡಿ, ಆ ಹಾಳೆಯನ್ನು ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸಿದರೆ, ಅಕ್ಷರ ಕೊರೆದ ಜಾಗದಿಂದ ಶಾಯಿ ಒಸರಿ ಕಾಗದಕ್ಕೆ ಹತ್ತುತ್ತದೆ. ಪರೀಕ್ಷೆಯ ದಿನಗಳಲ್ಲಿ ಮನೆಯಲ್ಲಿ ಮಾತು ಕೇಳಿಸದಷ್ಟು ಸದ್ದು. ಪರೀಕ್ಷೆ ಮುಗಿದರೆ ಯಂತ್ರ ತಗಡಿನ ಮುಚ್ಚಳದಡಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತಿತ್ತು.

ಅದು ಸುಮ್ಮನೆ ಕೂರುವುದೇ ತೊಂದರೆ. ಉರುಳೆಯ ಮೇಲಿನ ಬಟ್ಟೆ ಹೀರಿಕೊಂಡಿದ್ದ ಶಾಯಿ ಹಕ್ಕಳೆಗಟ್ಟುತ್ತಿತ್ತು. ಅದರ ಎಣ್ಣೆ ಬೇರೆಯಾಗಿ ಕೆಳಗಿನ ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಮತ್ತೆ ಪರೀಕ್ಷೆ ಬಂದಾಗ ಅಪ್ಪ ಸೀಮೆಎಣ್ಣೆಯಲ್ಲಿ ಆ ಬಟ್ಟೆಯನ್ನು ತೊಳೆದು, ಟ್ಯೂಬಿನಿಂದ ಹೊಸ ಶಾಯಿ ಹಿಂಡಿ, ಅದು ಎಲ್ಲ ಕಡೆ ಹಿಡಿಯುವವರೆಗೆ ಮಸುಕು ಹಾಳೆಗಳನ್ನು ತೆಗೆದು ಎಸೆಯುತ್ತಿದ್ದರು. ಅಕ್ಷರಕ್ಕೆ ಹೋದದ್ದಕ್ಕಿಂತ ತೊಳೆಯುವುದಕ್ಕೆ ಹೋದ ಶಾಯಿಯೇ ಹೆಚ್ಚು. ಬಚ್ಚಲಲ್ಲಿ ಹರಿಯುವ ಕಪ್ಪು ನೀರನ್ನು ನೋಡಿ ಅವ್ವ, “ಹುಡುಗ್ರಿಗಿಂತ ನಮ್ಮ ಬಚ್ಚಲೇ ಜಾಸ್ತಿ ಪರೀಕ್ಷೆ ಬರೀತೈತೆ ಕಣ್ರಿ” ಅನ್ನುತ್ತಿದ್ದಳು.

ನಾನು ಕೆಲವು ಸಣ್ಣ ಬದಲಾವಣೆ ಮಾಡಿದೆ. ಕೆಲಸ ಮುಗಿದ ಮೇಲೆ ಕೊನೆಯ ಮೇಣದ ಹಾಳೆಯನ್ನು ಕಿತ್ತು ಎಸೆಯದೆ ಉರುಳೆಯ ಮೇಲೇ ಬಿಟ್ಟೆ, ಗಾಳಿ ತಾಗದಿರಲಿ ಎಂದು. ಒಂದು ಪರೀಕ್ಷೆಯ ಪ್ರಶ್ನೆಗಳು ತಿಂಗಳುಗಟ್ಟಲೆ ಮನೆಯಲ್ಲಿ ಇರಬಾರದು ಎಂದು ಅಪ್ಪ ಹೇಳಿದ್ದರಿಂದ ಅದರ ಬದಲು ಏನೂ ಕೊರೆಯದ ಖಾಲಿ ಹಾಳೆಯನ್ನು ಸುತ್ತಿದೆ. ಉರುಳೆಯನ್ನು ಶಾಯಿಯ ಬದಿ ಮೇಲಾಗಿ ನಿಲ್ಲಿಸಿದರೆ ಎಣ್ಣೆ ಇಳಿಯುವುದು ಕಡಿಮೆಯಾಯಿತು. ಪ್ರತಿ ಭಾನುವಾರ ಬೆಳಿಗ್ಗೆ ಆ ಖಾಲಿ ಹಾಳೆಯನ್ನು ತೆಗೆದು, ಹಳೆಯ ಉತ್ತರಪತ್ರಿಕೆಗಳ ಹಿಂಬದಿಯನ್ನು ಕೊಟ್ಟು ಉರುಳೆಯನ್ನು ಒಂದಿಷ್ಟು ಸುತ್ತು ತಿರುಗಿಸುತ್ತಿದ್ದೆ. ಕಾಗದದ ಮೇಲೆ ಅಕ್ಷರವಿಲ್ಲದ ಕಪ್ಪು ಚೌಕ ಮೂಡುತ್ತಿತ್ತು, ಅಷ್ಟೆ. ಶಾಯಿ ಹತ್ತಿದ ಕಾಗದ ಬೇಗ ಹೊತ್ತಿಕೊಳ್ಳುತ್ತದೆಂದು ಆ ಹಾಳೆಗಳನ್ನು ಅವ್ವ ನೀರಿನ ಹಂಡೆಯ ಒಲೆಗೆ ಹಾಕುತ್ತಿದ್ದಳು. ಕಡೆಗೆ, ವರ್ಷದ ಪರೀಕ್ಷೆ ಮುಗಿದ ಮೇಲೆ, ಶಾಯಿಗೆ ನಾಲ್ಕು ಹನಿ ಹರಳೆಣ್ಣೆ ಬೆರೆಸಿ ನೋಡಿದೆ. ಹರಳೆಣ್ಣೆ ಅಗಸೆ ಎಣ್ಣೆಯ ಹಾಗೆ ಗಾಳಿಗೆ ಗಟ್ಟಿಯಾಗುವುದಿಲ್ಲ. ಆ ಶಾಯಿ ಬಳಿದು ಬೇರೆಯಾಗಿ ಇಟ್ಟ ಬಟ್ಟೆಯ ಚೂರು ಎಷ್ಟು ದಿನ ಬಿಟ್ಟರೂ ಮೆತ್ತಗೇ ಇತ್ತು, ಆದರೂ ಭಾನುವಾರದ ಅಭ್ಯಾಸ ನಾನು ಬಿಡಲಿಲ್ಲ.

“ನೋಡೇ, ನಿನ್ನ ಮಗಳು ಓದಿದ್ದು ಈ ಮಿಷನ್ನಿಗಾದ್ರೂ ದಕ್ಕಿತು” ಎಂದರು ಅಪ್ಪ.

“ಮಿಷನ್ನಿಗೆ ದಕ್ಕಿದ್ದು ಸಾಕು. ಒಂದು ಗಂಡಿಗೂ ದಕ್ಲಿ” ಎಂದಳು ಅವ್ವ.

ಅದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷ. ನಮ್ಮ ಬೀದಿಯಲ್ಲಿ ಜನ ಮೊದಲಿನ ಹಾಗೇ ಓಡಾಡುತ್ತಿದ್ದರು. ಆದರೆ ಪತ್ರಿಕೆ ಓದಿದವರು ಓದಿದ್ದರ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದರು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಅಪ್ಪ ಹಿರಿಯೂರಿಗೆ ಹೋಗಿ ಬಂದು, ಊಟಕ್ಕೆ ಕೂತಾಗ, “ಬಸ್ ಸ್ಟ್ಯಾಂಡಿನಾಗೆ ಬೆಂಚಿನ ಕೆಳಗೆ ಕರಪತ್ರ ಸಿಕ್ಕವಂತೆ” ಎಂದರು.

“ಎಂಥ ಕರಪತ್ರ?” ಅವ್ವ ಕೇಳಿದಳು.

“ಸರ್ಕಾರದ ಮೇಲೆ.”

“ನಮಗ್ಯಾಕ್ರೀ ಅದು? ನೀವು ಉಣ್ರಿ.”

“ಸೈಕ್ಲೋಸ್ಟೈಲಿನಾಗೆ ತೆಗ್ದಿರೋದಂತೆ ಕಣೇ.”

ಅವ್ವ ಎದ್ದು ಹೋಗಿ ಯಂತ್ರವಿದ್ದ ಕೋಣೆಯ ಬಾಗಿಲು ಮುಚ್ಚಿ ಬಂದಳು.

ಮುಂದಿನ ವಾರ ಹೊಳಲ್ಕೆರೆಯಲ್ಲಿ ಅಂಗಡಿಗಳ ಬಾಗಿಲ ಸಂದಿಯಲ್ಲಿ ಅದೇ ಬಗೆಯ ಹಾಳೆಗಳು ಸಿಕ್ಕವೆಂದು ಕೇಳಿದೆವು. ಊರಿನಲ್ಲಿ ಯಾರ ಬಳಿ ಇಂಥ ಯಂತ್ರ ಇದೆ ಎಂದು ಪೊಲೀಸರು ವಿಚಾರಿಸುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪನನ್ನು ಠಾಣೆಗೆ ಕರೆಸಿದರು. ಮಧ್ಯಾಹ್ನಕ್ಕೆ ಅಪ್ಪ ಹಗುರವಾಗಿಯೇ ಮರಳಿದರು.

“ಏನಿಲ್ಲ. ಕೊನೇ ಸಲ ಯಾವಾಗ ಓಡ್ಸಿದ್ರಿ ಅಂದ್ರು. ವರ್ಷದ ಪರೀಕ್ಷೆ ಆದ್ಮೇಲೆ ಮುಟ್ಟೇ ಇಲ್ಲ ಅಂದೆ. ಬರ್ಕೊಂಡ್ರು, ಸಹಿ ಹಾಕ್ದೆ, ಬಂದೆ.”

“ಅಪ್ಪಾ, ನಾನು ಪ್ರತಿ ಭಾನುವಾರ ತಿರುಗಿಸ್ತೀನಲ್ಲ?”

“ಅದು ಓಡ್ಸೋದು ಹೆಂಗಾಗ್ತೈತೆ ತಾಯಿ? ಅಕ್ಷರ ಇಲ್ಲ, ಏನಿಲ್ಲ. ಖಾಲಿ ಗಾಣ ತಿರುಗಿಸ್ದಂಗೆ.”

ಹೇಳುತ್ತಲೇ ಅವರ ಮುಖ ಬದಲಾಯಿತು. ಎದ್ದು ಹೋಗಿ ಮುಚ್ಚಳ ತೆಗೆದು, ಮೇಣದ ಹಾಳೆಯ ಅಂಚನ್ನು ಎತ್ತಿ ಬೆರಳಿಟ್ಟರು. ಬೆರಳು ಕಪ್ಪಾಯಿತು. ಅದನ್ನು ಪಂಚೆಯಿಂದ ದೂರ ಹಿಡಿದುಕೊಂಡು ಮುಚ್ಚಳ ಹಾಕಿದರು.

“ನಾಳೆ ಬೆಳಿಗ್ಗೆ ಹೋಗಿ ಹೇಳಿ ಬರ್ತೀನಿ” ಎಂದರು.

ಆದರೆ ಅಂದು ಸಂಜೆಯೇ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಎಳೆಯ ವಯಸ್ಸಿನವರು, ಬೇರೆ ಜಿಲ್ಲೆಯವರು. ಜೊತೆಗೆ ಒಬ್ಬ ದಪ್ಪ ಕಾನ್‌ಸ್ಟೇಬಲ್. ಅವ್ವ ಚಾಪೆ ಹಾಸಿ “ಕುಂತ್ಕಳ್ರಿ ಸಾರ್” ಎಂದಳು. ಅವರು ಕೂರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲಿ ಬೂಟು ಬಿಡಲೋ ಬೇಡವೋ ಎಂದು ಒಂದು ಕ್ಷಣ ನೋಡಿ, ಬಿಡದೆ ಒಳಗೆ ಬಂದರು. ಯಂತ್ರದ ಮುಚ್ಚಳ ತೆಗೆದು ಹೆಬ್ಬೆರಳು ಒತ್ತಿದರು. ಆ ಬೆರಳನ್ನು ಅಪ್ಪನ ಮುಂದೆ ಹಿಡಿದರು.

“ಮುಟ್ಟೇ ಇಲ್ಲ ಅಂದ್ರಿ.”

ಅಪ್ಪ ಬಾಯಿ ತೆರೆದರು. ನನ್ನ ಕಡೆ ತಿರುಗಿದರು. ಅಪರಿಚಿತರ ಮುಂದೆ ಮಾತಾಡುವ ಅಭ್ಯಾಸ ನನಗಿರಲಿಲ್ಲ. ಆದರೂ ನಾನೇ ಹೇಳಬೇಕಾಯಿತು. ವಾರಕ್ಕೊಮ್ಮೆ ಉರುಳೆಯನ್ನು ತಿರುಗಿಸುವುದು ನಾನು ಎಂದೆ. ಇಲ್ಲದಿದ್ದರೆ ಶಾಯಿ ಒಣಗಿ ದಂಡವಾಗುತ್ತದೆ ಎಂದೆ.

“ತಿರುಗಿಸಿದ ಹಾಳೆಗಳು ಎಲ್ಲಿವೆ?”

“ಹಂಡೆ ಒಲೆಗೆ ಹಾಕಿದೆವು.”

ಕಾನ್‌ಸ್ಟೇಬಲ್ ನಕ್ಕ. “ಸಾಕ್ಷಿ ಎಲ್ಲ ಕಾದು ನೀರಾಗಿ ಮೈಮೇಲೆ ಹರಿದೈತೆ ಸಾರ್.”

ಸಬ್ ಇನ್ಸ್‌ಪೆಕ್ಟರ್ ನಗಲಿಲ್ಲ. ನನ್ನನ್ನು ಏನು ಓದಿದ್ದೀರಿ ಎಂದು ಕೇಳಿದರು. ಹೇಳಿದೆ. ತಾವೂ ಬಿ.ಎಸ್ಸಿ. ಓದಿದವರು ಎಂದರು. ತಿರುಗಿಸದೆ ಬಿಟ್ಟರೆ ಎಷ್ಟು ದಿನಕ್ಕೆ ಒಣಗುತ್ತದೆ ಎಂದು ಕೇಳಿದರು. ಒಂದು ತಿಂಗಳಿಗೆ ಹಕ್ಕಳೆಗಟ್ಟುತ್ತದೆ ಎಂದು ನಾನು ನೋಡಿದ್ದನ್ನೇ ಹೇಳಿದೆ.

“ಸರಿ. ನೀವೇ ಹೇಳಿದ ಲೆಕ್ಕ. ಸೀಲ್ ಮಾಡಿ ಹೋಗ್ತೀನಿ. ಒಂದು ತಿಂಗಳು ಬಿಟ್ಟು ಬಂದು ತೆಗೀತೀನಿ. ಒಣಗಿದ್ರೆ ನಿಮ್ಮ ಮಾತು ನಿಜ. ಹಸಿಯಾಗೇ ಇದ್ರೆ, ವಾರವಾರ ತಿರುಗಿಸೋ ಕಥೆ ಸುಳ್ಳು. ಆಗ ಮೇಷ್ಟ್ರೇ, ಒಂದು ಜೊತೆ ಬಟ್ಟೆ ಕಟ್ಕೊಂಡು ರೆಡಿ ಇರಿ.”

ಕಾನ್‌ಸ್ಟೇಬಲ್ ಮುಚ್ಚಳದ ಸುತ್ತ ಹುರಿ ಬಿಗಿದು ಗಂಟು ಹಾಕಿದ. ಮೇಣದ ಬತ್ತಿಯಲ್ಲಿ ಅರಗು ಕರಗಿಸಿ ಗಂಟಿನ ಮೇಲೆ ಹನಿಸಿ, ಠಾಣೆಯ ಹಿತ್ತಾಳೆ ಮುದ್ರೆಯನ್ನು ಒತ್ತಿದ. ಕೆಂಪು ಅರಗು ಹನಿಯುವುದನ್ನು ನೋಡುತ್ತಿದ್ದಾಗಲೇ ನನಗೆ ಹರಳೆಣ್ಣೆಯ ನೆನಪಾದದ್ದು. ನಾನು ಹೇಳಿದ ಒಂದು ತಿಂಗಳು ಹರಳೆಣ್ಣೆ ಬೆರೆಸುವುದಕ್ಕೆ ಮೊದಲಿನದು. ಈಗ ಆ ಬಟ್ಟೆ ಒಂದು ತಿಂಗಳಲ್ಲ, ದೀಪಾವಳಿಯವರೆಗೆ ಇಟ್ಟರೂ ಒಣಗುವುದಿಲ್ಲ.

ಜೀಪು ಹೋದ ಮೇಲೆ ಅಪ್ಪನಿಗೆ ಹೇಳಿದೆ.

“ಈಗಲೇ ಹೋಗಿ ಹೇಳಿದ್ರೆ?” ಎಂದೆ.

“ಬೆಳಿಗ್ಗೆ ಒಂದು ಹೇಳ್ದೆ. ಸಂಜೆ ನೀನೊಂದು ಹೇಳ್ದಿ. ಈಗ ಹೋಗಿ ಮೂರನೇದು ಹೇಳಿದ್ರೆ ಏನಂತಾರೆ?” ಅಪ್ಪ ಗೋಡೆಗೆ ಒರಗಿ ಕೂತರು. ಅವರು ಹೇಳಿದ್ದು ಸರಿಯೆಂದೇ ನನಗೂ ಅನಿಸಿತು.

ಅವ್ವ ಮಾತ್ರ ಬೇರೆ ಥರ ಯೋಚಿಸುತ್ತಿದ್ದಳು. “ಒಣಗಲ್ಲ ಅಂದ್ರೆ ಒಣಗ್ಸಾಣ. ಕೂಸು ಹುಟ್ಟಿದ ಮನ್ಯಾಗೆ ಸೋನೆಗಾಲದಾಗೆ ಬಟ್ಟೆ ಹೆಂಗೆ ಒಣಗಿಸ್ತಾರೆ? ಬಿಸ್ಲಿಗೆ ಕಾಯ್ತಾರಾ?”

ನಮ್ಮಲ್ಲಿ ಬಾಣಂತಿಯ ಕೋಣೆಯಲ್ಲಿ ಮಣ್ಣಿನ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಇಡುತ್ತಾರೆ. ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಕೂಸಿನ ಬಟ್ಟೆ ಹರಡುತ್ತಾರೆ. ಅವ್ವ ಅಟ್ಟದಿಂದ ಅಗ್ಗಿಷ್ಟಿಕೆ ಇಳಿಸಿದಳು. ಯಂತ್ರವಿದ್ದ ಮೇಜಿನ ಕೆಳಗೆ ಇಟ್ಟು, ಕಿಟಕಿ ಮುಚ್ಚಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಕೆಂಡ ತುಂಬಿಸತೊಡಗಿದಳು. ಸೀಲು ಮುಟ್ಟುವಂತಿಲ್ಲ. ಹೊರಗಿನಿಂದ ಬಿಸಿ ಕೊಡಬೇಡಿ ಎಂದು ಯಾರೂ ಹೇಳಿರಲಿಲ್ಲ.

ಮುಚ್ಚಳದೊಳಗೆ ಏನಾಗುತ್ತಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ಮೂಗನ್ನು ತಗಡಿನ ಅಂಚಿಗೆ ತಂದು ವಾಸನೆ ನೋಡುತ್ತಿದ್ದೆ. ಮೊದಲು ಸೀಮೆಎಣ್ಣೆಯ ಕಟು ವಾಸನೆ ಬಂತು. ಆವಿಯಾಗುವುದು ಆವಿಯಾಗುತ್ತಿದೆ ಎಂದುಕೊಂಡೆ. ಕ್ರಮೇಣ ಅದು ಕಡಿಮೆಯಾಗಿ ಸುಟ್ಟ ಎಣ್ಣೆಯ ವಾಸನೆ ಉಳಿಯಿತು. ಅದರಿಂದ ಏನು ತಿಳಿಯಬೇಕೋ ನನಗೆ ಗೊತ್ತಾಗಲಿಲ್ಲ. ಪ್ರಯೋಗಶಾಲೆಯಲ್ಲಾಗಿದ್ದರೆ ಮುಚ್ಚಳ ತೆರೆದು ನೋಡುತ್ತಿದ್ದೆ.

ಜೋಗಿಮಟ್ಟಿ ಬೆಟ್ಟದ ಕಡೆಯಿಂದ ದಿನವಿಡೀ ಗಾಳಿ ಬೀಸುತ್ತಿತ್ತು, ನಡುನಡುವೆ ಸೋನೆ. ಆ ಕೋಣೆಯೊಂದು ಬಿಟ್ಟು ಮನೆಯೆಲ್ಲ ತಣ್ಣಗಿತ್ತು. ತುರುವನೂರಿನ ಗೆಳೆಯರ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದ ಅಪ್ಪ ಹೋಗುವುದನ್ನು ಬಿಟ್ಟರು. ಬೀದಿಯಲ್ಲಿ ಮೋಟಾರಿನ ಸದ್ದಾದರೆ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ, ಆದರೆ ಪುಟವನ್ನೂ ಮಗುಚುತ್ತಿರಲಿಲ್ಲ. ಒಂದು ಬಟ್ಟೆಯ ಚೀಲದಲ್ಲಿ ಎರಡು ಅಂಗಿ, ಎರಡು ಪಂಚೆ ಮಡಚಿ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದರು. ಅವರು ಸ್ನಾನಕ್ಕೆ ಹೋದಾಗ ಅವ್ವ ಆ ಬಟ್ಟೆ ತೆಗೆದು ಪೆಟ್ಟಿಗೆಯಲ್ಲಿಡುತ್ತಿದ್ದಳು. ಅಪ್ಪ ಮತ್ತೆ ಚೀಲಕ್ಕೆ ತುಂಬುತ್ತಿದ್ದರು.

ಎದುರುಮನೆಯಾಕೆ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತ ನಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಒಂದು ದಿನ ಅವ್ವ ಅಂಗಳದಲ್ಲಿ ಅಗ್ಗಿಷ್ಟಿಕೆಯ ಬೂದಿ ಕೊಡವುತ್ತಿದ್ದಾಗ ಕೇಳಿಯೇಬಿಟ್ಟಳು.

“ಏನ್ರೀ ಮೇಷ್ಟ್ರ ಮನೆಯವ್ರೇ, ಮುಚ್ಚಿದ ಕೋಣೆಗೆ ದಿನಾ ಕೆಂಡ ಹೋಗ್ತೈತೆ. ಯಾರಪ್ಪಾ ಬಾಣಂತಿ ನಿಮ್ಮನ್ಯಾಗೆ?”

ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ಬಾಗಿಲಲ್ಲಿ ನಿಂತಿದ್ದ ನನ್ನ ಮೇಲಿತ್ತು.

“ಪುಸ್ತಕಕ್ಕೆ ಬೂಷ್ಟು ಹಿಡಿದೈತೆ ಕಣವ್ವ” ಎಂದಳು ಅವ್ವ. “ನಿನಗೇನಾದ್ರೂ ನಡ ನೋವು ಇದ್ರೆ ಬಾ. ನಿನಗೂ ಎರಡು ಕೆಂಡ ಹಾಕ್ತೀನಿ.”

“ಅಯ್ಯೋ, ನನ್ನ ಬಾಣಂತನ ಮುಗಿದು ಯಾವ ಕಾಲವಾಯ್ತು!”

ಒಳಗೆ ಬಂದು ಅವ್ವ ಅಗ್ಗಿಷ್ಟಿಕೆಯನ್ನು ನೆಲಕ್ಕೆ ಕುಕ್ಕಿದಳು. ಹೊಸದುರ್ಗದಿಂದ ನನ್ನನ್ನು ನೋಡಲು ಬರಬೇಕಿದ್ದವರು ಆ ತಿಂಗಳು ಬರಲಿಲ್ಲ. ಕಾರಣ ಜೀಪೋ ಕೆಂಡವೋ ತಿಳಿಯಲಿಲ್ಲ. ಬರದೇ ಇದ್ದದ್ದಕ್ಕೆ ನನಗೆ ಬೇಸರವಾಗಲಿಲ್ಲ, ಆದರೆ ಅಪ್ಪ ಅದನ್ನೂ ಆ ಯಂತ್ರದ ಲೆಕ್ಕಕ್ಕೆ ಸೇರಿಸಿಕೊಂಡರೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ತಿಂಗಳು ಮುಗಿಯುತ್ತ ಬಂದಿತ್ತು. ಅವ್ವ ಅವಸರದಲ್ಲಿ ಕೆಂಡವನ್ನು ಮೊದಲಿಗಿಂತ ಹೆಚ್ಚು ತುಂಬುತ್ತಿದ್ದಳು. ಒಂದು ಮಧ್ಯಾಹ್ನ ಬೂದಿ ತೆಗೆಯಲು ಹೋದಾಗ ನಾನು ಹುರಿಯ ಗಂಟನ್ನು ನೋಡಿದೆ. ಬಿಲ್ಲೆಯಂತೆ ದುಂಡಗಿದ್ದ ಅರಗು ಈಗ ದುಂಡಗಿರಲಿಲ್ಲ. ಒಂದು ಕಡೆ ಜಾರಿ, ನಾಲಿಗೆಯಂತೆ ತಗಡಿನ ಮೇಲೆ ಇಳಿದಿತ್ತು. ಮುದ್ರೆಯ ಅಕ್ಷರಗಳಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಬೆರಳು ಹತ್ತಿರ ತಂದೆ, ಮುಟ್ಟಲಿಲ್ಲ. ಅರಗು ಕರಗಲು ಎಷ್ಟು ಬಿಸಿ ಬೇಕೆಂದು ನನಗೆ ಗೊತ್ತಿದ್ದ ವಿಷಯವೇ. ಆ ಇಡೀ ತಿಂಗಳು ನಾವು ಮೂವರೂ ಮುಚ್ಚಳದ ಒಳಗಿನ ಶಾಯಿಯನ್ನೇ ನೆನೆಯುತ್ತಿದ್ದೆವು. ಹೊರಗಿನ ಅರಗಿನ ಬಗ್ಗೆ ಒಬ್ಬರಿಗೂ ಯೋಚನೆ ಬಂದಿರಲಿಲ್ಲ.

ಅಪ್ಪ ಬಂದು ಬಗ್ಗಿ ನೋಡಿದರು. ಅವ್ವ ಕೆಂಡವನ್ನು ಹೊರಗೊಯ್ದು ನೀರು ಸುರಿದಳು. ತಣ್ಣಗಾದ ಅರಗು ಜಾರಿದ ಆಕಾರದಲ್ಲೇ ಗಟ್ಟಿಯಾಯಿತು.

“ಸ್ವಲ್ಪ ಬಿಸಿ ಮಾಡಿ ಯಾವುದಾದ್ರೂ ಹಿತ್ತಾಳೆ ಬಿಲ್ಲೆ ಒತ್ತಿ ಬಿಟ್ರೆ?” ಎಂದಳು ಅವ್ವ.

“ಬ್ಯಾಡ. ಇಷ್ಟು ದಿನ ಯಾವ ತಪ್ಪೂ ಮಾಡಿಲ್ಲ. ಅದೊಂದು ಮಾಡಿದ್ರೆ ನಿಜವಾಗ್ಲೂ ಮಾಡ್ದಂಗಾಗ್ತೈತೆ.”

ಅಪ್ಪ ಆಗಲೇ ಕೋಟು ಹಾಕಿಕೊಂಡು ಠಾಣೆಗೆ ಹೋದರು. ಸಬ್ ಇನ್ಸ್‌ಪೆಕ್ಟರ್ ಹೊಳಲ್ಕೆರೆಗೆ ಹೋಗಿದ್ದರು. ಅಲ್ಲಿ ಇನ್ನೊಂದಿಷ್ಟು ಕರಪತ್ರಗಳು ಸಿಕ್ಕಿದ್ದವಂತೆ. ಠಾಣೆಯಲ್ಲಿದ್ದವರು ಅಪ್ಪನ ಮಾತನ್ನು ಅರ್ಧ ಕೇಳಿ, “ಸಾಹೇಬ್ರೇ ಬರ್ತಾರೆ ಹೋಗ್ರಿ ಮೇಷ್ಟ್ರೇ, ನೀವ್ಯಾಕೆ ಅವಸರ ಮಾಡ್ತೀರಿ?” ಎಂದರಂತೆ.

ಅವರು ಬಂದದ್ದು ಎರಡು ದಿನ ಬಿಟ್ಟು, ಬೆಳಗಿನ ತಿಂಡಿಯ ಹೊತ್ತಿಗೆ. ಈ ಸಲ ಚಾಪೆಯನ್ನು ನೋಡಲೂ ಇಲ್ಲ. ಗಂಟಿನ ಮುಂದೆ ಬಗ್ಗಿ ಬಹಳ ಹೊತ್ತು ನಿಂತರು. ಕಾನ್‌ಸ್ಟೇಬಲ್ ಚಾಕು ತೆಗೆದು ಹುರಿ ಕತ್ತರಿಸಿದ. ಮುಚ್ಚಳ ಎತ್ತಿ, ಮೇಣದ ಹಾಳೆ ಸರಿಸಿ ಸಬ್ ಇನ್ಸ್‌ಪೆಕ್ಟರ್ ಹೆಬ್ಬೆರಳು ಒತ್ತಿದರು. ಬೆರಳನ್ನು ಬೆಳಕಿಗೆ ಹಿಡಿದರು. ಕಪ್ಪು ಹತ್ತಿರಲಿಲ್ಲ. ಶಾಯಿ ಡಾಂಬರಿನ ಹಾಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಅವ್ವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

“ಶಾಯಿ ಒಣಗಿದೆ. ಸೀಲು ಕರಗಿದೆ” ಎಂದರು ಅವರು. “ಎರಡರಲ್ಲಿ ಯಾವುದನ್ನ ನಂಬಲಿ?”

“ಕೆಂಡ ಇಟ್ಟಿದ್ದೆ ಸಾರ್” ಎಂದರು ಅಪ್ಪ. ಅವ್ವ ಮುಂದೆ ಬರಲು ಹೋದಳು. ಅಪ್ಪ ಅವಳ ಕಡೆ ತಿರುಗದೆ ಕೈ ಅಡ್ಡ ಹಿಡಿದರು. “ಒಣಗ್ಲಿ ಅಂತ ನಾನೇ ಇಟ್ಟಿದ್ದೆ. ಮುಚ್ಚಳ ಮುಟ್ಟಿಲ್ಲ.”

“ತಾನಾಗೇ ಒಣಗುತ್ತೆ ಅಂದಿದ್ರಲ್ಲ ನಿಮ್ಮ ಮಗಳು?”

ನಾನು ಹರಳೆಣ್ಣೆಯ ವಿಷಯ ಹೇಳಿದೆ. ಯಾವ ಎಣ್ಣೆ ಏಕೆ ಒಣಗುತ್ತದೆ, ಯಾವುದು ಒಣಗುವುದಿಲ್ಲ, ನಾನು ಎಷ್ಟು ಬೆರೆಸಿದ್ದೆ, ಎಲ್ಲವನ್ನೂ ಪರೀಕ್ಷೆಯಲ್ಲಿ ಉತ್ತರ ಹೇಳುವಂತೆ ಹೇಳಿದೆ. ಅವರು ಅಡ್ಡ ಮಾತಾಡದೆ ಪೂರ್ತಿ ಕೇಳಿದರು. ನಂಬಿದರೆಂದೇ ಈಗಲೂ ನನ್ನ ಎಣಿಕೆ.

“ನೀವು ಹೇಳೋದು ಸರಿ ಇರಬಹುದಮ್ಮ. ಆದ್ರೆ ಎರಡು ತಾಲ್ಲೂಕಲ್ಲಿ ಕರಪತ್ರ ಸಿಕ್ಕಿದೆ. ಸೀಲ್ ಮಾಡಿದ ಮಿಷನ್ನಿನ ಸೀಲು ಹೋಗಿದೆ. ನಾನು ಮೇಲಿನವರಿಗೆ ಏನಂತ ಬರೀಲಿ? ಹರಳೆಣ್ಣೆ ಅಂತ ಬರೀಲಾ?”

ಅವರು ಹಿಂದೆ ತಿರುಗಿ ಯಂತ್ರದ ಕಡೆ ಕೈ ತೋರಿಸಿದರು.

ಕಾನ್‌ಸ್ಟೇಬಲ್ ಮತ್ತು ಜೀಪಿನ ಡ್ರೈವರ್ ಯಂತ್ರವನ್ನು ಎತ್ತಿಕೊಂಡು ಹೋದರು. ಬಾಗಿಲು ದಾಟುವಾಗ ತಟ್ಟೆಯಲ್ಲಿದ್ದ ಎಣ್ಣೆ ಹೊಸ್ತಿಲ ಮೇಲೆ ಚೆಲ್ಲಿತು. “ಬನ್ನಿ ಮೇಷ್ಟ್ರೇ” ಎಂದು ಕರೆದಾಗ ಅಪ್ಪ ಗೂಟದಿಂದ ಬಟ್ಟೆಯ ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. ಎದುರುಮನೆಯಾಕೆ ಕಟ್ಟೆಯಿಂದ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

“ಊಟಕ್ಕೆ ಬರ್ತಾರೇನ್ರಿ?” ಅವ್ವ ಸಬ್ ಇನ್ಸ್‌ಪೆಕ್ಟರನ್ನು ಕೇಳಿದಳು.

“ಬರ್ತಾರೆ ಬಿಡಿ ಅಮ್ಮ” ಎಂದರು. ಯಾವ ದಿನದ ಊಟಕ್ಕೆ ಎಂದು ಹೇಳಲಿಲ್ಲ.

ಮಧ್ಯಾಹ್ನ ಕಾದೆವು. ಹೊತ್ತು ಇಳಿದ ಮೇಲೆ ಅವ್ವ ಮುದ್ದೆ, ಸೊಪ್ಪಿನ ಸಾರು ಹಾಕಿ ಊಟದ ಕ್ಯಾರಿಯರ್ ಕಟ್ಟಿಕೊಟ್ಟಳು. ನಾನು ಠಾಣೆಗೆ ಹೋದೆ. ಅಂಥ ಜಾಗಕ್ಕೆ ಒಬ್ಬಳೇ ಹೋದದ್ದು ಅದೇ ಮೊದಲು. ಬಾಗಿಲಲ್ಲಿದ್ದ ಪೊಲೀಸಿನವನು ಕ್ಯಾರಿಯರ್ ನೋಡಿ, “ಯಾರಿಗಮ್ಮ?” ಎಂದ. ಹೇಳಿದೆ.

“ಮೇಷ್ಟ್ರು ಇಲ್ಲಿಲ್ಲ. ಮಧ್ಯಾಹ್ನನೇ ಜೀಪಿನಾಗೆ ಕರ್ಕೊಂಡು ಹೋದ್ರು.”

“ಎಲ್ಲಿಗೆ?”

“ನಂಗೇನು ಗೊತ್ತಮ್ಮ? ಹೊಳಲ್ಕೆರೆ ಕಡೆ ಹೋದಂಗಾತು.”

ಒಳಗಿನಿಂದ ಇನ್ನೊಬ್ಬ, “ಲೇ, ಹಿರಿಯೂರು ರಸ್ತೆಗಲ್ಲೇನಲೇ ತಿರುಗಿದ್ದು?” ಎಂದ.

“ನೀನು ಸುಮ್ನಿರು” ಎಂದ ಬಾಗಿಲಲ್ಲಿದ್ದವನು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿ, “ಮನೆಗೆ ಹೋಗಮ್ಮ. ಇಲ್ಲಿ ನಿಂತ್ಕೋಬ್ಯಾಡ” ಎಂದ.

ಅಪ್ಪ ಜೈಲಿನಿಂದ ಮನೆಗೆ ಬಂದದ್ದು ಮರುವರ್ಷ, ಚುನಾವಣೆ ನಡೆಯುತ್ತದೆಂಬ ಸುದ್ದಿ ಬಂದ ಮೇಲೆ. ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಮರೆತವರಂತೆ, ಕರೆದರೆ ಮಾತ್ರ ಊಟಕ್ಕೆ ಏಳುವವರಾಗಿ ಬಂದರು. ಆದರೆ ಅಂದು ಠಾಣೆಯ ಮುಂದೆ ನನಗೆ ಇದ್ಯಾವುದೂ ತಿಳಿದಿರಲಿಲ್ಲ. ಅವರು ಊರಲ್ಲಿಲ್ಲ ಎಂಬುದಷ್ಟೇ ತಿಳಿದಿತ್ತು. ಕ್ಯಾರಿಯರ್ ಇನ್ನೂ ಬಿಸಿಯಿತ್ತು. ಅವ್ವನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಒಂದೊಂದೇ ಮಾತು ಜೋಡಿಸಿಕೊಂಡು ಬಂದೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯಿಂದ ಕ್ಯಾರಿಯರ್ ತೆಗೆದುಕೊಂಡಳು. ಅದರ ಭಾರ ಕೈಗೆ ತಿಳಿದ ಕೂಡಲೇ ನನ್ನ ಮುಖ ನೋಡಿದಳು. ಒಳಗೆ ಹೋಗಿ, ಡಬ್ಬಿಗಳನ್ನು ಬಿಚ್ಚದೆ ಹಾಗೆಯೇ ಒಲೆಯ ಪಕ್ಕದಲ್ಲಿಟ್ಟು, ಬಿಸಿ ಆರದಿರಲಿ ಎಂದು ತಟ್ಟೆ ಮುಚ್ಚಿದಳು.